ವಿದ್ಯಾರ್ಥಿವೇತನದ ಋಣ: ಮಂಗಳೂರಿನಿಂದ ಫೊಯರ್‌ಬಾಕ್‌ವರೆಗೆ

ಕೊಲ್ಲಿಯ ಕನ್ನಡಿಗರ ಮನೆಗಳಲ್ಲಿ ಹತ್ತು ಹದಿನೈದು ವರ್ಷಗಳ ಹಿಂದೆ ಮಕ್ಕಳ ಓದಿನ ಮಾತು ಬಂದರೆ ಮಣಿಪಾಲ, ಸುರತ್ಕಲ್, ಬೆಂಗಳೂರು ಎಂಬ ಹೆಸರುಗಳು ಕೇಳಿಬರುತ್ತಿದ್ದವು. ಈಗ ಅವುಗಳ ಜೊತೆ ಮ್ಯೂನಿಕ್, ಆಕೆನ್, ಸ್ಟುಟ್‌ಗಾರ್ಟ್ ಸೇರಿಕೊಂಡಿವೆ. ಪದವಿ ಮುಗಿಸಿದ ಮಕ್ಕಳು ಸ್ನಾತಕೋತ್ತರ ಓದಿಗೆ ಜರ್ಮನಿಯ ಕಡೆ ನೋಡುತ್ತಿದ್ದಾರೆ. ಅವರ ಬಾಯಲ್ಲಿ ಆಗಾಗ ಬರುವ ಇನ್ನೊಂದು ಹೆಸರು ಫೊಯರ್‌ಬಾಕ್. ಸ್ಟುಟ್‌ಗಾರ್ಟ್ ನಗರದ ಉತ್ತರಕ್ಕಿರುವ, ರೈಲಿನಲ್ಲಿ ಕೆಲವೇ ನಿಮಿಷದ ದಾರಿಯ ಒಂದು ಬಡಾವಣೆ ಅದು. ಅಲ್ಲಿ ಬಾಷ್ ಕಂಪನಿಯ ದೊಡ್ಡ ಕಾರ್ಖಾನೆಯಿದೆ.

ಮಕ್ಕಳು ಹೊರಡುವ ಮೊದಲು ಮನೆಯಲ್ಲಿ ಏಳುವ ಪ್ರಶ್ನೆ ಒಂದೇ, ಹಣ ಎಲ್ಲಿಂದ? ಅದಕ್ಕೆ ಉತ್ತರವಾಗಿ ಬರುವ ಮಾತು ಸ್ಕಾಲರ್‌ಶಿಪ್. ನಮ್ಮಲ್ಲಿ ಕೆಲವರಿಗೆ ಅದು ಲಾಟರಿಯಂತೆ ಕಾಣುತ್ತದೆ. ಇನ್ನು ಕೆಲವರಿಗೆ ಪರರ ಹಂಗಿನಂತೆ ಕಂಡು, ಅರ್ಜಿ ಹಾಕುವುದಕ್ಕೇ ಸಂಕೋಚ. ಕನ್ನಡ ನಾಡಿನ ಮಕ್ಕಳು ಪರರ ಹಣದಲ್ಲಿ ದೂರ ಹೋಗಿ ಓದಿಬಂದ ಚರಿತ್ರೆ ಸುಮಾರು 180 ವರ್ಷಗಳಷ್ಟು ಹಳೆಯದು. ಅದನ್ನು ನೋಡಿದರೆ ವಿದ್ಯಾರ್ಥಿವೇತನವೆಂದರೆ ಒಂದು ಋಣದ ಪತ್ರ ಎಂದು ನಮಗೆ ಅನ್ನಿಸುತ್ತದೆ. ಕೊಡುವವರಿಗೆ ಒಂದು ಉದ್ದೇಶ ಇರುತ್ತದೆ, ಪಡೆಯುವವರಿಗೆ ಒಂದು ಕರಾರು ಇರುತ್ತದೆ, ಬಾಗಿಲ ಹೊರಗೆ ಉಳಿಯುವವರೂ ಇರುತ್ತಾರೆ. ಹಂಗು ತಲೆ ತಗ್ಗಿಸುತ್ತದೆ, ಋಣವನ್ನಾದರೆ ತೀರಿಸಬಹುದು.

ಕಾಲೇಜಿನಲ್ಲಿ ಹೆಸರು ಬರೆಸದ ಮೆಕ್ಯಾನಿಕ್

ಮೊದಲು ಫೊಯರ್‌ಬಾಕ್ ಕಥೆಯನ್ನೇ ನೋಡೋಣ. 1907ರಲ್ಲಿ ಪಟ್ಟಣದ ಸ್ಥಾನ ಪಡೆದ ಈ ಊರು 1933ರಲ್ಲಿ ಸ್ಟುಟ್‌ಗಾರ್ಟ್ ನಗರಕ್ಕೆ ಸೇರಿತು. ಅಷ್ಟರೊಳಗೆ ಅದರ ಹಣೆಬರಹ ಬದಲಾಗಿತ್ತು. ರಾಬರ್ಟ್ ಬಾಷ್ 1909ರಲ್ಲಿ ಇಲ್ಲಿ ಜಮೀನು ಕೊಂಡು ಕಾರ್ಖಾನೆ ಕಟ್ಟಿಸಲು ತೊಡಗಿದರು. ಡೀಸೆಲ್ ಎಂಜಿನ್‌ಗೆ ಇಂಧನ ಚಿಮ್ಮಿಸುವ ಪಂಪುಗಳನ್ನು ಬಾಷ್ ಕಂಪನಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿದ್ದು 1927ರಲ್ಲಿ. ಮುಂದೆ ಫೊಯರ್‌ಬಾಕ್ ಹೆಸರು ಆ ಪಂಪುಗಳ ಜೊತೆಗೇ ಬೆಳೆಯಿತು.

ಈ ರಾಬರ್ಟ್ ಬಾಷ್ ಪದವೀಧರರಲ್ಲ. 1861ರಲ್ಲಿ ಉಲ್ಮ್ ಪಟ್ಟಣದ ಹತ್ತಿರದ ಆಲ್ಬೆಕ್ ಎಂಬ ಹಳ್ಳಿಯಲ್ಲಿ, ಹನ್ನೆರಡು ಮಕ್ಕಳ ಮನೆಯಲ್ಲಿ ಹನ್ನೊಂದನೆಯವರಾಗಿ ಹುಟ್ಟಿದರು. ಸೂಕ್ಷ್ಮ ಯಂತ್ರಗಳ ಕೆಲಸವನ್ನು ಕೈಕೆಲಸದವರ ಬಳಿ ಕಲಿತರು. 1883-84ರ ಚಳಿಗಾಲದಲ್ಲಿ ಸ್ಟುಟ್‌ಗಾರ್ಟ್‌ನ ತಾಂತ್ರಿಕ ಕಾಲೇಜಿಗೆ ಹೋಗಿ ಪಾಠ ಕೇಳಿದರು. ಅದೂ ಒಂದೇ ಅವಧಿ, ಪೂರ್ಣ ವಿದ್ಯಾರ್ಥಿಯಾಗಿ ಅಲ್ಲ, ಹೊರಗಿನಿಂದ ಬಂದು ಕೂತ ಕೇಳುಗನಾಗಿ. ಆಮೇಲೆ ಅಮೆರಿಕದಲ್ಲಿ, ಇಂಗ್ಲೆಂಡಿನಲ್ಲಿ ಕೆಲಸ ಮಾಡಿ, 1886ರಲ್ಲಿ ಸ್ಟುಟ್‌ಗಾರ್ಟ್‌ನಲ್ಲಿ ಸಣ್ಣ ವರ್ಕ್‌ಶಾಪ್ ತೆರೆದರು. 1906ರಲ್ಲೇ ತಮ್ಮ ಕೆಲಸಗಾರರಿಗೆ ದಿನಕ್ಕೆ ಎಂಟು ಗಂಟೆ ಕೆಲಸ ಎಂದು ನಿಗದಿ ಮಾಡಿದರು. 1910ರಲ್ಲಿ ಅದೇ ತಾಂತ್ರಿಕ ಕಾಲೇಜಿಗೆ ಹತ್ತು ಲಕ್ಷ ಮಾರ್ಕ್ ದಾನ ಕೊಟ್ಟರು. ತಾನು ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದ ಕಡೆಗೆ ಬೇರೆಯವರ ಮಕ್ಕಳು ಪೂರ್ಣವಾಗಿ ಓದಲಿ ಎಂದು ಹಣ ಕಟ್ಟಿದರು ಎಂದೇ ನಾವು ಇದನ್ನು ಓದಿಕೊಳ್ಳುತ್ತೇವೆ. ಇಂದು ಬಾಷ್ ಕಂಪನಿಯ ಬಂಡವಾಳದಲ್ಲಿ ಸುಮಾರು ಶೇಕಡಾ 94ರ ಒಡೆತನ ಅವರ ಹೆಸರಿನ ಧರ್ಮದತ್ತಿ ಸಂಸ್ಥೆಯದು.

ಬೆಂಗಳೂರಿನವರಿಗೆ ಈ ಕಂಪನಿ ಹೊಸದಲ್ಲ. ಮೈಕೋ ಎಂದು ನಾವು ಕರೆಯುತ್ತಿದ್ದ ಮೋಟರ್ ಇಂಡಸ್ಟ್ರೀಸ್ ಕಂಪನಿ 1951ರಲ್ಲಿ ಶುರುವಾದದ್ದು ಬಾಷ್ ಸಹಯೋಗದಲ್ಲಿ. ಆಡುಗೋಡಿಯ ಕಾರ್ಖಾನೆ, ಮೈಕೋ ಲೇಔಟ್, ಗ್ಯಾರೇಜಿನ ಮೈಕೋ ಸ್ಪಾರ್ಕ್ ಪ್ಲಗ್ ಇವೆಲ್ಲ ಅದರ ಗುರುತುಗಳು. 2008ರಲ್ಲಿ ಕಂಪನಿಯ ಹೆಸರೇ ಬಾಷ್ ಎಂದಾಯಿತು. ಸ್ಟುಟ್‌ಗಾರ್ಟ್ ಕಡೆಗೆ ಓದಲು ಹೋಗುವ ನಮ್ಮ ಎಂಜಿನಿಯರಿಂಗ್ ಮಕ್ಕಳಿಗೆ ಈ ಹೆಸರು ಮೊದಲೇ ಪರಿಚಿತವಾಗಿರುವುದು ಇದರಿಂದಲೇ.

ಮಂಗಳೂರಿನಿಂದ ಹೊರಟ ಮೊದಲಿಗರಲ್ಲಿ ಒಬ್ಬರು

ಆದರೆ ಕನ್ನಡಕ್ಕೂ ಸ್ಟುಟ್‌ಗಾರ್ಟ್ ಸುತ್ತಿನ ವುರ್ಟೆಂಬರ್ಗ್ ನಾಡಿಗೂ ಇರುವ ನಂಟು ಕಾರ್ಖಾನೆಗಿಂತ ಹಳೆಯದು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅದೇ ಸೀಮೆಯ ಬ್ರಾಕೆನ್‌ಹೈಮ್‌ನವರು. 1881ರಲ್ಲಿ ಅವರು ತೀರಿಕೊಂಡದ್ದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗೆನ್‌ನಲ್ಲಿ. 1894ರಲ್ಲಿ ಕನ್ನಡ ನಿಘಂಟು ಪ್ರಕಟಿಸಿದ ಫರ್ಡಿನೆಂಡ್ ಕಿಟೆಲ್ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು ಟ್ಯೂಬಿಂಗೆನ್ ವಿಶ್ವವಿದ್ಯಾಲಯ. ಇವರನ್ನು ಕಳಿಸಿದ ಬಾಸೆಲ್ ಮಿಷನ್ನಿನ ಕೇಂದ್ರ ಸ್ವಿಟ್ಜರ್ಲೆಂಡಿನಲ್ಲಿದ್ದರೂ ಅದರ ಪಾದ್ರಿಗಳಲ್ಲೂ ದಾನಿಗಳಲ್ಲೂ ಬಹಳ ಜನ ವುರ್ಟೆಂಬರ್ಗ್‌ನವರಾಗಿದ್ದರು.

ಆ ದಾರಿಯಲ್ಲಿ ಈ ಕಡೆಯಿಂದ ಆ ಕಡೆಗೆ ಹೋದವರು ಮಂಗಳೂರಿನ ಆನಂದರಾವ್ ಕೌಂಡಿನ್ಯ. 1825ರಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಹುಟ್ಟಿ, ಮಿಷನ್ನಿನ ಇಂಗ್ಲಿಷ್ ಶಾಲೆಯಲ್ಲಿ ಓದಿ, 1844ರಲ್ಲಿ ಕ್ರೈಸ್ತ ಧರ್ಮ ಸೇರಿದರು. ಊರಿನಲ್ಲಿ ದೊಡ್ಡ ಗದ್ದಲವೇ ಆಯಿತು. ಮೋಗ್ಲಿಂಗ್ ಅವರ ಜೊತೆ ಹಡಗು ಹತ್ತಿ, ಬಾಸೆಲ್‌ನ ಮಿಷನ್ ವಿದ್ಯಾಲಯದಲ್ಲಿ ಹಲವು ವರ್ಷ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಅವರ ಓದಿನ ಖರ್ಚು ಮಿಷನ್ನಿನದು. ಅದಕ್ಕೆ ಪ್ರತಿಯಾಗಿ ಅವರು ಕೊಟ್ಟದ್ದು ತಮ್ಮ ಇಡೀ ಬದುಕು. ಮಂಗಳೂರಿನಲ್ಲಿ ಪಾಠ ಹೇಳಿದರು, ಕೊಡಗಿನ ಆನಂದಪುರದಲ್ಲಿ ಹೊಲೆಯ ಜಾತಿಯ ಕುಟುಂಬಗಳಿಗೆ ಕಾಫಿ ತೋಟದ ನೆಲೆ ಮಾಡಿಕೊಟ್ಟರು. ಆ ಓದಿಗೆ ಅವರ ಮನೆಯವರು ತೆತ್ತ ಬೆಲೆ, ಮನೆಯ ಮಗನನ್ನೇ ಕಳೆದುಕೊಂಡದ್ದು. ವಿದ್ಯಾರ್ಥಿವೇತನದ ಕರಾರಿನಲ್ಲಿ ಬರೆಯದ ಷರತ್ತುಗಳೂ ಇರುತ್ತವೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ನಮಗೆ ಬೇಕಿಲ್ಲ.

ಸಂಸ್ಥಾನಗಳ ಕಾಲ

ಮಿಷನ್ ಆದಮೇಲೆ ಹಣ ಕೊಟ್ಟವರು ಅರಸರು. ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮನೆಪಾಠ ಹೇಳಿ ಹೊಟ್ಟೆಪಾಡು ನೋಡಿಕೊಂಡವರು. 1881ರಲ್ಲಿ ಬಿ.ಎ. ಮುಗಿದಾಗ ಮುಂದೆ ಎಂಜಿನಿಯರಿಂಗ್ ಓದಲು ಕೈಯಲ್ಲಿ ಹಣವಿರಲಿಲ್ಲ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಯ ವಿಜ್ಞಾನ ಕಾಲೇಜು ಸೇರಿದರು. 1883ರಲ್ಲಿ ಅಲ್ಲಿನ ಪರೀಕ್ಷೆಯಲ್ಲಿ ಮುಂಬಯಿ ಪ್ರಾಂತ್ಯಕ್ಕೇ ಮೊದಲಿಗರಾದರು. ಬಾಷ್ ಸ್ಟುಟ್‌ಗಾರ್ಟ್‌ನಲ್ಲಿ ಹೊರಗಿನ ಕೇಳುಗನಾಗಿ ಕೂತ ವರ್ಷವೂ ಅದೇ.

ಪುಣೆಯ ಓದು ಮುಗಿದ ಕೂಡಲೇ ವಿಶ್ವೇಶ್ವರಯ್ಯನವರು ಮೈಸೂರಿಗೆ ಬರಲಿಲ್ಲ. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ, ದಿವಾನರಾದದ್ದು 1912ರಲ್ಲಿ. ಅಂದರೆ ಮೈಸೂರು ಹಾಕಿದ ಹಣ ಮೈಸೂರಿಗೆ ಮರಳಲು ಕಾಲು ಶತಮಾನ ಬೇಕಾಯಿತು. ಮರಳಿದಾಗ ಕನ್ನಂಬಾಡಿ ಅಣೆಕಟ್ಟಿನ ರೂಪದಲ್ಲಿ, ಮೈಸೂರು ಬ್ಯಾಂಕಿನ ರೂಪದಲ್ಲಿ, 1916ರ ಮೈಸೂರು ವಿಶ್ವವಿದ್ಯಾಲಯದ ರೂಪದಲ್ಲಿ ಮರಳಿತು. ಓದಿದ ಮಗ ಹೊರಗೆ ದುಡಿದರೆ ಊರಿನ ಹಣ ವ್ಯರ್ಥವಾಯಿತು ಎನ್ನುವವರಿಗೆ ಇದೊಂದು ಉತ್ತರ.

ಕರಾರು ಕಟ್ಟಿಹಾಕಿದ ಕಥೆಯೂ ಉಂಟು. 1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಡಾ. ಬಿ.ಆರ್. ಅಂಬೇಡ್ಕರ್ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಮರಳಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂದು ಒಪ್ಪಂದ. 1917ರಲ್ಲಿ ಅವರು ಒಪ್ಪಂದದಂತೆ ಬರೋಡಾಕ್ಕೆ ಬಂದರು. ಸಂಸ್ಥಾನ ಕೆಲಸ ಕೊಟ್ಟಿತು, ಊರು ಮಾತ್ರ ಜಾತಿಯ ಕಾರಣಕ್ಕೆ ಇರಲು ಒಂದು ಕೋಣೆ ಕೊಡಲಿಲ್ಲ. ಕೆಲವೇ ದಿನಗಳಲ್ಲಿ ಅವರು ಊರು ಬಿಡಬೇಕಾಯಿತು. ಆ ಸಲ ಕರಾರು ಮುರಿದದ್ದು ಸಾಲಗಾರನಿಂದಲ್ಲ ಎಂದು ಯಾರಾದರೂ ಒಪ್ಪುತ್ತಾರೆ. ಮುಂದೆ ತಮ್ಮ ಉಳಿತಾಯದಿಂದಲೂ ಕೊಲ್ಹಾಪುರದ ಶಾಹು ಮಹಾರಾಜರಂಥವರ ನೆರವಿನಿಂದಲೂ ಅವರು ಲಂಡನ್ನಿನಲ್ಲಿ ಬಿಟ್ಟ ಓದನ್ನು ಮುಗಿಸಿದರು.

ಸಾಲವಾಗಿ ಕೊಟ್ಟ ಟಾಟಾ, ಅರ್ಜಿ ಹಾಕಿದ ರಾಜೇಶ್ವರಿ

ಸಂಸ್ಥಾನಗಳ ಹಣ ಸಿಗಲು ಅರಸನ ಕೃಪೆ ಬೇಕಿತ್ತು. ಅರ್ಜಿ ಹಾಕಿ, ಸಂದರ್ಶನ ಎದುರಿಸಿ ಪಡೆಯುವ ದಾರಿಯನ್ನು ನಮ್ಮ ದೇಶದಲ್ಲಿ ಗಟ್ಟಿಮಾಡಿದವರು ಜೆ.ಎನ್. ಟಾಟಾ. 1892ರಲ್ಲಿ ಅವರು ಸ್ಥಾಪಿಸಿದ ನಿಧಿ ವಿದೇಶದ ಉನ್ನತ ಓದಿಗೆ ಕೊಡುವುದು ಸಾಲದ ರೂಪದ ವಿದ್ಯಾರ್ಥಿವೇತನ. ಓದಿದವರು ದುಡಿದು ತೀರಿಸಿದರೆ ಅದು ಮುಂದಿನವರ ಓದಿಗೆ ಸಲ್ಲುತ್ತದೆ. ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣನವರು ಈ ನಿಧಿಯ ನೆರವಿನಿಂದ ಲಂಡನ್ನಿನ ಕಿಂಗ್ಸ್ ಕಾಲೇಜಿಗೆ ಹೋಗಿ 1948ರಲ್ಲಿ ಪಿಎಚ್.ಡಿ. ಮುಗಿಸಿ ಬಂದರು. ಮುಂದೆ ದೇಶದ ಪರಮಾಣು ಕಾರ್ಯಕ್ರಮವನ್ನೇ ಮುನ್ನಡೆಸಿದರು.

ಅದೇ ಕಾಲದಲ್ಲಿ ಸರ್ಕಾರವೂ ಈ ದಾರಿ ತೆರೆಯಿತು. ಎರಡನೆಯ ಮಹಾಯುದ್ಧ ಮುಗಿದಿತ್ತು, ಸ್ವಾತಂತ್ರ್ಯ ಹೊಸ್ತಿಲಲ್ಲಿತ್ತು. ಹೊಸ ದೇಶಕ್ಕೆ ವಿಜ್ಞಾನಿಗಳು, ಎಂಜಿನಿಯರುಗಳು ಬೇಕಿದ್ದರು. ಬುದ್ಧಿವಂತ ತರುಣ ತರುಣಿಯರನ್ನು ಹೊರದೇಶಕ್ಕೆ ಕಳಿಸಿ ಓದಿಸಲು ದೆಹಲಿ ಅರ್ಜಿ ಕರೆಯಿತು. ಅರ್ಜಿ ಹಾಕಿದವರಲ್ಲಿ ಬೆಂಗಳೂರಿನ ರಾಜೇಶ್ವರಿಯವರೂ ಒಬ್ಬರು.

1922ರಲ್ಲಿ ಹುಟ್ಟಿದ ಅವರು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ ಎಂ.ಎಸ್ಸಿ. ಮುಗಿಸಿದ್ದರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸೀಮೆಯ ಮೊದಲ ಮಹಿಳಾ ಪದವೀಧರರ ಸಾಲಿನವರು, ಹೆಣ್ಣುಮಕ್ಕಳ ಓದಿಗಾಗಿ ದುಡಿದವರು. 1943ರಲ್ಲಿ ರಾಜೇಶ್ವರಿ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಸಂಶೋಧನೆ ತೊಡಗಿದ್ದರು. ಅರ್ಜಿಯಲ್ಲಿ ಆರಿಸಿಕೊಂಡದ್ದು ಎಲೆಕ್ಟ್ರಾನಿಕ್ಸ್ ಮತ್ತು ಅದರ ಬಳಕೆ. ಓದಿದ್ದು ಗಣಿತ, ಕೇಳಿದ್ದು ಎಲೆಕ್ಟ್ರಾನಿಕ್ಸ್, ಕೇಳಿದವರು ಒಬ್ಬ ಹೆಣ್ಣುಮಗಳು. 1946ರಲ್ಲಿ ಆಯ್ಕೆಯಾದರು. 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯ ಸೇರಿದರು.

ಅಲ್ಲಿ ಮಾಸ್ಟರ್ಸ್ ಪದವಿ ಪಡೆದ ಮೇಲೆ ವಾಷಿಂಗ್ಟನ್‌ನ ರಾಷ್ಟ್ರೀಯ ಅಳತೆಮಾನ ಸಂಸ್ಥೆಯಲ್ಲಿ ಎಂಟು ತಿಂಗಳು ತರಬೇತಿ ಪಡೆದರು. ಮೊದಲ ವಿದ್ಯಾರ್ಥಿವೇತನ ಮುಗಿದಾಗ ಸುಮ್ಮನೆ ಕೂರಲಿಲ್ಲ. ಏಷ್ಯಾದ ಮಹಿಳೆಯರಿಗಾಗಿಯೇ ಮಿಷಿಗನ್‌ನಲ್ಲಿದ್ದ ಬಾರ್ಬರ್ ವಿದ್ಯಾರ್ಥಿವೇತನದ ಮೇಲೆ 1949ರಲ್ಲಿ ಅಲ್ಲಿಗೇ ಮರಳಿ, 1953ರಲ್ಲಿ ಪಿಎಚ್.ಡಿ. ಮುಗಿಸಿದರು. ಒಂದು ಬಾಗಿಲು ಮುಚ್ಚುವ ಮುಂಚೆ ಇನ್ನೊಂದು ಎಲ್ಲಿದೆ ಎಂದು ನೋಡಿಟ್ಟುಕೊಂಡದ್ದು ಈ ಕಥೆಯಲ್ಲಿ ನಮ್ಮ ಮಕ್ಕಳು ಗಮನಿಸಬೇಕಾದ ಅಂಶ.

ಅವರು ಬೆಂಗಳೂರಿಗೆ ಮರಳಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಅಧ್ಯಾಪಕಿಯಾದರು. ಅಲ್ಲಿಯ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದರು. ಇಬ್ಬರೂ ಸೇರಿ ಮೈಕ್ರೋವೇವ್ ಮತ್ತು ಆಂಟೆನಾ ಸಂಶೋಧನೆಯನ್ನು ಬೆಳೆಸಿದರು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಇಂದು ನಾವು ಓದುವ ರಾಜೇಶ್ವರಿ ಚಟರ್ಜಿ ಇವರೇ. ಅವರ ಕೈಕೆಳಗೆ ಕಲಿತವರು ದೇಶದ ರಾಡಾರ್, ಸಂಪರ್ಕ ಸಂಸ್ಥೆಗಳಿಗೆ ಹೋದರು. ಸರ್ಕಾರ ಕೊಟ್ಟ ಹಣ ಎಷ್ಟು ಪಟ್ಟಾಗಿ ಮರಳಿತು ಎಂದು ಲೆಕ್ಕ ಹಾಕುವುದು ಕಷ್ಟ.

ಸಾಹಿತ್ಯದವರಿಗೂ ಈ ದಾರಿ ಸಿಕ್ಕಿದೆ. ಯು.ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಲ್ಲಿ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ 1966ರಲ್ಲಿ ಪಿಎಚ್.ಡಿ. ಪಡೆದರು. ಹೋದದ್ದು ಇಂಗ್ಲಿಷ್ ಸಾಹಿತ್ಯದ ಸಂಶೋಧನೆಗೆ. ಅದೇ ಅವಧಿಯಲ್ಲಿ ಕನ್ನಡಕ್ಕೆ ‘ಸಂಸ್ಕಾರ’ ಕಾದಂಬರಿಯೂ ಸಿಕ್ಕಿತು. ಬ್ರಿಟನ್ ಕೊಟ್ಟ ಹಣಕ್ಕೆ ಕನ್ನಡ ಪಡೆದ ಬಡ್ಡಿ ಅದು.

ಅತಿಥಿ ಕಾರ್ಮಿಕರ ಮಕ್ಕಳು

ಜರ್ಮನಿಯ ಬಾಗಿಲು ನಮಗೆ ತೆರೆದದ್ದು ಬೇರೆ ರೀತಿಯಲ್ಲಿ. ಡಾಡ್ ಎಂದು ನಮ್ಮ ಮಕ್ಕಳು ಕರೆಯುವ ಜರ್ಮನ್ ಶೈಕ್ಷಣಿಕ ವಿನಿಮಯ ಸಂಸ್ಥೆ 1925ರಲ್ಲಿ ಹೈಡೆಲ್‌ಬರ್ಗ್‌ನಲ್ಲಿ ಹುಟ್ಟಿತು. ಯುದ್ಧದಲ್ಲಿ ಮುಳುಗಿ, 1950ರಲ್ಲಿ ಬಾನ್ ನಗರದಲ್ಲಿ ಮತ್ತೆ ಎದ್ದಿತು. 1960ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆಯಿತು. ಜಗತ್ತಿನ ಮುಂದೆ ಕೆಟ್ಟ ಹೆಸರು ಹೊತ್ತ ದೇಶಕ್ಕೆ ಆಗ ಗೆಳೆಯರು ಬೇಕಿದ್ದರು. ಓದಲು ಬಂದು ಮರಳಿದವನಿಗಿಂತ ಒಳ್ಳೆಯ ಗೆಳೆಯ ಯಾರು?

ಅದೇ ವರ್ಷಗಳಲ್ಲಿ ಸ್ಟುಟ್‌ಗಾರ್ಟ್ ಸುತ್ತಿನ ಕಾರ್ಖಾನೆಗಳಿಗೆ ಇನ್ನೊಂದು ಬಗೆಯ ಪರದೇಶಿಗಳು ಬಂದರು. ಕೆಲಸಕ್ಕೆ ಜನ ಸಾಲದೆ ಜರ್ಮನಿ 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ಟರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಬಂದವರನ್ನು ‘ಅತಿಥಿ ಕಾರ್ಮಿಕ’ ಎಂದು ಕರೆದರು. ಟರ್ಕಿಯವರಿಗೆ ಮೊದಲು ಎರಡೇ ವರ್ಷದ ಗಡುವು. ಹಾಸ್ಟೆಲ್ಲಿನ ಕೋಣೆ, ಊರಿಗೆ ಕಳಿಸುವ ಹಣ, ಮುಂದಿನ ವರ್ಷ ಇಲ್ಲಿರುತ್ತೇವೋ ಇಲ್ಲವೋ ಎಂಬ ಲೆಕ್ಕ. ಕೊಲ್ಲಿಯಲ್ಲಿ ದುಡಿಯುವ ನಮಗೆ ಇದನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

ಆದರೆ ಅಲ್ಲಿ ಒಂದು ವ್ಯತ್ಯಾಸವಾಯಿತು. 1971ರಲ್ಲಿ ಜರ್ಮನಿ ವಿದ್ಯಾರ್ಥಿ ನೆರವಿನ ಕಾಯಿದೆ ತಂದಿತು. ತಂದೆ ತಾಯಿಯ ಆದಾಯ ನೋಡಿ ಕೊಡುವ ನೆರವು ಅದು. ಇಂದು ಅದರಲ್ಲಿ ಅರ್ಧ ದಾನ, ಅರ್ಧ ಬಡ್ಡಿಯಿಲ್ಲದ ಸಾಲ. ನಿಯಮಗಳಿಗೆ ಒಳಪಟ್ಟು ಅತಿಥಿ ಕಾರ್ಮಿಕರ ಮಕ್ಕಳಿಗೂ ಅದು ದೊರೆಯುವ ದಾರಿಯಾಯಿತು. ಸ್ಟುಟ್‌ಗಾರ್ಟ್‌ನಿಂದ ಹೆಚ್ಚು ದೂರವಿಲ್ಲದ ಬಾಡ್ ಉರಾಕ್‌ನಲ್ಲಿ ಟರ್ಕಿಯ ಕಾರ್ಮಿಕ ದಂಪತಿಗೆ ಹುಟ್ಟಿದ ಜೆಮ್ ಓಜ್ಡೆಮಿರ್ ಮೊದಲು ಮಕ್ಕಳ ಪಾಲನೆಯ ತರಬೇತಿ ಪಡೆದು, ಆಮೇಲೆ ಸಮಾಜಶಿಕ್ಷಣ ಓದಿ, 1994ರಲ್ಲಿ ಸಂಸತ್ತು ಸೇರಿ, 2021ರಲ್ಲಿ ಕೇಂದ್ರ ಸಚಿವರಾದರು. ಅಪ್ಪ ಅಮ್ಮ ಅತಿಥಿಗಳಾಗಿ ಬಂದ ನೆಲದಲ್ಲಿ ಮಗ ಮನೆಯವನಾದ.

ಕೊಲ್ಲಿಯಲ್ಲಿ ನಮ್ಮ ಮಕ್ಕಳಿಗೆ ಆ ದಾರಿ ಇಲ್ಲ. ಇಲ್ಲಿ ಹುಟ್ಟಿ ಬೆಳೆದರೂ ಓದಿಗೆ ಬೇರೆ ನೆಲ ಹುಡುಕಲೇಬೇಕು. ಅದಕ್ಕೇ ವಿದ್ಯಾರ್ಥಿವೇತನದ ಚರಿತ್ರೆ ನಮಗೆ ಬರೀ ಚರಿತ್ರೆಯಲ್ಲ.

ಇಂದು ನಮ್ಮ ಮುಂದಿರುವುದು

ಅಂಕಿಗಳನ್ನು ನೇರವಾಗಿ ನೋಡೋಣ. ಸ್ಟುಟ್‌ಗಾರ್ಟ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯ 2017ರ ಚಳಿಗಾಲದ ಅವಧಿಯಿಂದ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಒಂದು ಅವಧಿಗೆ 1,500 ಯೂರೋ ಶುಲ್ಕ ಪಡೆಯುತ್ತಿದೆ. ಅಂದರೆ ವರ್ಷಕ್ಕೆ 3,000. ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚವನ್ನು ಬ್ಯಾಂಕಿನಲ್ಲಿ ತಡೆಹಿಡಿದ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಿಂದ ಅದು 11,904 ಯೂರೋ. ಪೂರ್ಣ ವಿದ್ಯಾರ್ಥಿವೇತನದ ಪತ್ರವಿದ್ದರೆ ಈ ಖಾತೆಯ ಬದಲಿಗೆ ಅದನ್ನೇ ತೋರಿಸಬಹುದು. ಎಷ್ಟೋ ಮನೆಗಳಲ್ಲಿ ತಾಯಿಯ ಬಂಗಾರ ಅಡವಿಗೆ ಹೋಗುವುದೋ ಉಳಿಯುವುದೋ ಎಂಬುದು ಆ ಒಂದು ಪತ್ರದ ಮೇಲೆ ನಿಂತಿದೆ.

ನಮ್ಮ ಸರ್ಕಾರದ ಯೋಜನೆಗಳಿಗೂ ಗಡಿಗಳಿವೆ. ಪರಿಶಿಷ್ಟ ಜಾತಿ ಮೊದಲಾದವರಿಗೆ 1954-55ರಿಂದ ನಡೆದುಬಂದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ವರ್ಷಕ್ಕೆ 125 ಜನರಿಗೆ ಮಾತ್ರ, ಕುಟುಂಬದ ಆದಾಯ ಎಂಟು ಲಕ್ಷದೊಳಗಿರಬೇಕು. ಅನಿವಾಸಿ ಭಾರತೀಯರ ಮಕ್ಕಳಿಗಾಗಿ 2006-07ರಲ್ಲಿ ಆರಂಭವಾದ ಯೋಜನೆಯಲ್ಲಿ ಕೊಲ್ಲಿಯಂಥ ಕಡೆಯ ಕಾರ್ಮಿಕರ ಮಕ್ಕಳಿಗೆ ಪಾಲು ಇಟ್ಟಿದ್ದರೂ ಅದು ಪದವಿ ಓದಿಗೆ, ಸ್ನಾತಕೋತ್ತರಕ್ಕಲ್ಲ.

ಬಾಗಿಲ ಹೊರಗೆ ಉಳಿಯುವವರಲ್ಲಿ ನಮ್ಮಂಥವರೂ ಇದ್ದೇವೆ. ಡಿಪ್ಲೊಮಾ ಮಾಡಿ ಆಸ್ಪತ್ರೆಯ ಔಷಧ ವಿಭಾಗದಲ್ಲಿ, ವರ್ಕ್‌ಶಾಪಿನಲ್ಲಿ, ಸೈಟಿನಲ್ಲಿ ಇಪ್ಪತ್ತು ವರ್ಷ ಕಳೆದವರಿಗೆ ಸ್ನಾತಕೋತ್ತರ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮೊದಲ ಸಾಲೇ ಅಡ್ಡ ಬರುತ್ತದೆ, ‘ಪದವಿ’ ಎಂಬ ಸಾಲು. ಅನುಭವ ಎಷ್ಟಿದ್ದರೂ ಆ ಸಾಲು ತುಂಬದೆ ಮುಂದೆ ಹೋಗಲಾಗದು. ಡಿ.ಫಾರ್ಮ್ ಮಾಡಿದವರು ಬಿ.ಫಾರ್ಮ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರುವ ದಾರಿ ಇದೆ. ಇನ್ನೂ ಇಪ್ಪತ್ತರ ಹರೆಯದಲ್ಲಿರುವ ತಮ್ಮಂದಿರು, ತಂಗಿಯರು ಅದನ್ನು ಬಿಡಬಾರದು ಎಂದು ನಾವು ಒತ್ತಿ ಹೇಳುತ್ತೇವೆ.

ಪದವಿ ಇದ್ದವರಿಗಂತೂ ಕೆಲಸದ ಅನುಭವವೇ ಬಂಡವಾಳ. ಅಭಿವೃದ್ಧಿಶೀಲ ದೇಶಗಳವರಿಗೆ ಡಾಡ್ ನಡೆಸುವ ಸ್ನಾತಕೋತ್ತರ ಯೋಜನೆಯಲ್ಲಿ ಕನಿಷ್ಠ ಎರಡು ವರ್ಷ ದುಡಿದ ಅನುಭವ ಬೇಕು. ಪದವಿ ಪಡೆದು ಸಾಮಾನ್ಯವಾಗಿ ಆರು ವರ್ಷ ಮೀರಿರಬಾರದು. ಪದವಿ ಮುಗಿಸಿ ಇಲ್ಲಿಗೆ ಬಂದು ಎರಡು ಮೂರು ವರ್ಷ ದುಡಿಯುತ್ತಿರುವವರು ತಮ್ಮ ಕಾಲ ಮುಗಿಯಿತು ಎಂದುಕೊಂಡಿರುತ್ತಾರೆ. ನಿಜವಾಗಿ ಅವರ ಕಾಲ ಅದೇ. ಆದರೆ ಆರು ವರ್ಷದ ಗಡಿಯಾರ ಓಡುತ್ತಿರುತ್ತದೆ ಎಂಬುದನ್ನು ಮರೆಯಬಾರದು. ಡಾಡ್ ಅರ್ಜಿಗೆ ಶುಲ್ಕವಿಲ್ಲ. ನಡುವೆ ಏಜೆಂಟ್ ಬೇಕಿಲ್ಲ. ಹಣ ಕೇಳುವವರು ಬಂದರೆ ಬಾಗಿಲಲ್ಲೇ ನಿಲ್ಲಿಸಿ.

ಅರ್ಜಿಯ ಜೊತೆ ಬರೆಯಬೇಕಾದ ಉದ್ದೇಶ ಪತ್ರದಲ್ಲಿ ನಮ್ಮ ಮಕ್ಕಳು ಬಹಳ ಸಲ ಎಡವುತ್ತಾರೆ. ಚಿಕ್ಕಂದಿನಿಂದಲೂ ಜರ್ಮನಿಯ ಕನಸು ಕಂಡೆ ಎಂದು ಬರೆಯುತ್ತಾರೆ. ಕೊಡುವವರು ಕೇಳುವುದು ಬೇರೆ. ಏನು ಮಾಡಿ ಬಂದಿರಿ, ಇಲ್ಲಿ ಕಲಿತದ್ದನ್ನು ಎಲ್ಲಿ ಬಳಸುತ್ತೀರಿ, ಯಾರಿಗೆ ಉಪಯೋಗ? ಮಿಷನ್ ಕೌಂಡಿನ್ಯರಿಂದ, ಬರೋಡಾ ಅಂಬೇಡ್ಕರರಿಂದ, ದೆಹಲಿ ರಾಜೇಶ್ವರಿಯವರಿಂದ ಬಯಸಿದ್ದೂ ಇದನ್ನೇ. ಋಣವನ್ನು ಹೇಗೆ ತೀರಿಸುತ್ತೀರಿ ಎಂದು ಬರೆದರೆ ಪತ್ರ ತಾನಾಗಿ ಗಟ್ಟಿಯಾಗುತ್ತದೆ. ಯಾವ ಕರಾರಿಗೆ ಸಹಿ ಹಾಕುತ್ತಿದ್ದೇವೆ ಎಂದು ಓದಿ ತಿಳಿಯುವುದು ಅದಕ್ಕಿಂತ ಮೊದಲಿನ ಕೆಲಸ.

ನಮ್ಮ ಸಂಘಗಳಿಗೂ ಇದರಲ್ಲಿ ಕೆಲಸವಿದೆ. ರಾಜ್ಯೋತ್ಸವಕ್ಕೆ ಒಟ್ಟುಗೂಡುವ ಹಣದಲ್ಲಿ ಒಂದು ಪಾಲನ್ನು ಟಾಟಾ ನಿಧಿಯ ಮಾದರಿಯಲ್ಲಿ ಬಡ್ಡಿಯಿಲ್ಲದ ಸಾಲವಾಗಿ ಇಡಬಹುದು. ಭಾಷಾ ಪರೀಕ್ಷೆಯ ಶುಲ್ಕಕ್ಕೆ, ದಾಖಲೆಗಳ ದೃಢೀಕರಣಕ್ಕೆ, ಮೊದಲ ವಿಮಾನದ ಟಿಕೆಟ್ಟಿಗೆ ಅದು ಆದೀತು. ಪಡೆದ ಮಗು ಕೆಲಸಕ್ಕೆ ಸೇರಿ ಮರಳಿಸಿದರೆ ಮುಂದಿನ ಮಗುವಿಗೆ ಸಿಗುತ್ತದೆ. ಹತ್ತು ಜನರಿಗಾದರೂ ಸಾಕು, ಪಟ್ಟಿ ಅಲ್ಲಿಂದ ಬೆಳೆಯುತ್ತದೆ.